ನಾಲ್ಕು ಸಾವಿರದಲ್ಲೊಂದು ಹಳ್ಳ

ಅರ್ಧ ಇಟ್ಟಿಗೆಯಷ್ಟೇ ಇರಬೇಕು ಅಂದಿದ್ದೆ,
ಟಿ.ವಿ. ಗೂಡಿನ ಪಕ್ಕದ ಸಂದಿಯಲ್ಲಿ ಕೂರುವಂಥದು.
ಇನ್ನೂರ ಹನ್ನೆರಡು ಕ್ಯಾಸೆಟ್ಟು
ಮೂರು ಮಳೆಗಾಲ ಕೂತು ನಾನೇ ಇಳಿಸಿಕೊಂಡದ್ದು
ಬೆರಳುದ್ದದ ಡ್ರೈವಿನಲ್ಲಿದೆ; ಅದನ್ನು ನುಡಿಸಿದರೆ ಸಾಕು.
ಆಟ ಬೇಡ, ಬಣ್ಣದ ದೀಪ ಬೇಡ,
ಮುಖ್ಯವಾಗಿ, ಸದ್ದು ಮಾಡಬಾರದು.

ಚಿಕ್ಕಮಗಳೂರು ಐ.ಜಿ. ರಸ್ತೆಯ ಮಹಡಿಯಂಗಡಿಯಲ್ಲಿ ಇಮ್ತಿಯಾಜ್ ನಕ್ಕ:
"ಹಾಡು ಕೇಳೋಕೆ ಸದ್ದಿಲ್ಲದ್ದು ಬೇಕಾ ಸಾರ್?"
ನಗಲಿ. ಇಪ್ಪತ್ತೇಳು ವರ್ಷ
ಕ್ಯೂರಿಂಗ್ ವರ್ಕ್ಸಿನಲ್ಲಿ ಹಲ್ಲರ್ ಪಕ್ಕ ನಿಂತವನು ನಾನು.
ಡಿಸೆಂಬರಿನಿಂದ ಮೇವರೆಗೆ
ಬೀಜ ಸಿಪ್ಪೆ ಕಳಚುವುದು ನನ್ನ ತಲೆಯೊಳಗೇ.
ಸದ್ದಿಲ್ಲದ್ದು ಎಷ್ಟು ದುಬಾರಿ ಅಂತ ಅವನಿಗಿಂತ ನನಗೆ ಗೊತ್ತು.

ಮೂರು ಪೆಟ್ಟಿಗೆ ಸಾಲಾಗಿಟ್ಟ.
ಒಂದು, ಯಾವುದೋ ಬ್ಯಾಂಕಿನಿಂದ ಬಂದ ಹಳತು,
ಮೂಲೆಯಲ್ಲಿ ಕಿತ್ತ ಸ್ಟಿಕ್ಕರಿನ ಅಂಟು, ಆರು ಸಾವಿರದೈನೂರು.
ಇನ್ನೊಂದು ಹೊಸತು, ಊಟದ ಡಬ್ಬಿಯಷ್ಟು,
"ಫ್ಯಾನಿದೆ, ಆದ್ರೆ ತಿರುಗಿದ್ದೇ ಗೊತ್ತಾಗಲ್ಲ."
ಮತ್ತೊಂದು ಫ್ಯಾನೇ ಇಲ್ಲದ್ದು,
ಮೈತುಂಬ ಅಲ್ಯೂಮಿನಿಯಂ ಪಕ್ಕೆಲುಬು;
ಬೆಲೆ ಕೇಳಿ ಕೈ ಹಿಂದಕ್ಕೆಳೆದುಕೊಂಡೆ.

ನಡುವಿನದಕ್ಕೆ ಕಿವಿಯಾನಿಸಿದೆ. ಏನೂ ಇಲ್ಲ.
ಭಾನುವಾರದ ಗೋಡೌನಿನಷ್ಟು ಮೌನ.
"ಪ್ಯಾಕ್ ಮಾಡು" ಎಂದೆ.
ಸೊಪ್ಪಿನ ಚೀಲ ಹಿಡಿದು ಮೆಟ್ಟಿಲ ಬಳಿಯೇ ನಿಂತಿದ್ದ ಸರ್ವಮಂಗಳ
ಅಲ್ಲಿಂದಲೇ:
"ಅದ್ಯಾಕ್ರೀ ಕುಂಯ್ ಅಂತಿದೆ? ಕಿವೀಲಿ ಸೊಳ್ಳೆ ಹೊಕ್ಕಂಗೆ."

ಇಮ್ತಿಯಾಜ್ ತಲೆ ತಗ್ಗಿಸಿ ಸ್ವಿಚ್ ಆರಿಸಿದ.
"ನಿಂತ್ತು." ಹಾಕಿದ. "ಬಂತು."
ನಾನು ಇಬ್ಬರ ಮುಖ ನೋಡುತ್ತ ನಿಂತೆ,
ಗೊತ್ತಿಲ್ಲದ ಭಾಷೆಯ ಊರಲ್ಲಿ ಬಸ್ಸಿಳಿದವನಂತೆ.

ಕಂಪನಿಯವರು ವರ್ಷಕ್ಕೊಮ್ಮೆ ಕಿವಿ ನೋಡಿಸುತ್ತಾರೆ.
ಗಾಜಿನ ಕೋಣೆ, ಕೈಯಲ್ಲೊಂದು ಗುಂಡಿ.
ಕಾಗದದ ಮೇಲೆ ಗೆರೆ ನೆಟ್ಟಗೆ ಬಂದು ಬಂದು
ನಾಲ್ಕು ಸಾವಿರದ ಹತ್ತಿರ ಹಳ್ಳಕ್ಕೆ ಬೀಳುತ್ತದೆ,
ಚಾರ್ಮಾಡಿಯಲ್ಲಿ ಬ್ರೇಕು ತಪ್ಪಿದ ಲಾರಿಯ ಹಾಗೆ.
ಆಚೆ ದಡ ಸರಿಯಾಗಿ ಹತ್ತುವುದೇ ಇಲ್ಲ.
ಆ ಕಾಗದವನ್ನು ರೇಷನ್ ಕಾರ್ಡಿನೊಳಗೆ ಮಡಿಸಿಟ್ಟು
ಸಿಕ್ಕವರಿಗೆಲ್ಲ ಹೇಳುತ್ತಿದ್ದೆ:
ಟೇಪಿನ ಹಿಸ್ಸೆಲ್ಲ ತೆಗೆದು ಶುದ್ಧ ಮಾಡಿದ್ದೀನಿ.
ತೆಗೆದದ್ದೆಷ್ಟು,
ನನ್ನಲ್ಲೇ ಇಲ್ಲದ್ದೆಷ್ಟು.

ಪಕ್ಕೆಲುಬಿನ ಪೆಟ್ಟಿಗೆಯೇ ಬಂತು.
ಬೋನಸ್ಸು ಸಾಲದೆ ಅವಳ ಚೀಟಿದುಡ್ಡೂ ಸೇರಿತು.
"ನಂಗೂ ಕೇಳ್ಬೇಕಲ್ಲ" ಎಂದಳು, ಅಷ್ಟೇ.

ಮನೆಯಲ್ಲಿ ಜೋಡಿಸಿ ಆಂಪ್ಲಿಫೈಯರ್ ಹಾಕಿದ್ದೇ ತಡ
ಈ ಸಲ ಹುಬ್ಬು ಗಂಟಾದದ್ದು ನನ್ನದು:
ಎಲ್ಲದರ ಅಡಿಯಲ್ಲಿ, ಹಂಡೆ ನೀರು ಕಾಯುವ ಮೊದಲಿನ ಗೊಣಗು.
ಅವಳಿಗೆ ಅದು ಲೆಕ್ಕಕ್ಕೇ ಇಲ್ಲ! ಹಿಗ್ಗಿ ಹೋದೆ.
ಬೇರಿಂಗ್ ಕೆಡುವುದನ್ನು ವಾರ ಮೊದಲೇ ಹೇಳುವ ಕಿವಿ ಇದು,
ಕೆಳಗಿನ ಸದ್ದೆಲ್ಲ ನನ್ನ ಜಹಗೀರು.
ಅರ್ಥಿಂಗ್ ಸರಿಯಿಲ್ಲ. ಹಿತ್ತಲಲ್ಲಿ ಗುಂಡಿ ಅಗೆದು
ಉಪ್ಪು, ಇದ್ದಿಲು, ಎರಡು ಕೊಡ ನೀರು.
ಕಾಂಪೌಂಡಿನಾಚೆಯಿಂದ ರೋಸ್ಲಿನ್ ಇಣುಕಿದಳು:
"ಏನ್ ನೆಡ್ತಿದ್ದೀರಾ?"
"ಕಂಪ್ಯೂಟರ್" ಅಂದೆ.

ರಾತ್ರಿ ಒಂಬತ್ತೂವರೆ. ನಾಗಸ್ವರ, ತೋಡಿ.
"ಹಿಂದೆ ತಾಳ ಇದೆಯಾ?"
ಹುರುಳಿಕಾಯಿಯ ನಾರು ತೆಗೆಯುತ್ತ, "ಇದೆ."
"ಈಗ?" "ಇದೆ ಕಣ್ರೀ."
"ಈಗ?"
"ಸ್ವಲ್ಪ ಸುಮ್ನಿರಿ, ಕೇಳ್ತಿದೀನಿ."

ಸುಮ್ಮನಾದೆ. ನಾಗಸ್ವರ ನಿಂತ ಮೇಲೂ
ಅವಳ ಮುಖದಲ್ಲಿ ಏನೋ ಇನ್ನೂ ನುಡಿಯುತ್ತಿತ್ತು.
ಪೆಟ್ಟಿಗೆಯ ನೀಲಿ ದೀಪ ಕಣ್ಣಿಗೆ ಚುಚ್ಚುತ್ತದೆಂದು
ಅದರ ಮೇಲೆ ತನ್ನ ಹಣೆಬೊಟ್ಟು ಅಂಟಿಸಿದ್ದಾಳೆ.
ಸದ್ದಿಲ್ಲ, ಬೆಳಕಿಲ್ಲ.
ಓಡುತ್ತಿದೆಯೋ ನಿಂತಿದೆಯೋ ನೋಡೋಣವೆಂದು
ಪಕ್ಕೆಲುಬಿನ ಮೇಲೆ ಅಂಗೈ ಇಟ್ಟೆ,
ಬೇರಿಂಗಿನ ಮೇಲೆ ಇಡುವ ಹಾಗೆ.

ಬೆಚ್ಚಗಿತ್ತು.