ಹದಿನೇಳನೇ ಕಲಂ

ಪುಟಕ್ಕೆ ನೂರಾ ಇಪ್ಪತ್ತು ರೂಪಾಯಿ, ಚಹಾ ಬೇರೆ.
ಕಂಕನಾಡಿಯ ಬಂಜೆತನ ಚಿಕಿತ್ಸಾಲಯಕ್ಕೆ
ಒಪ್ಪಿಗೆ ನಮೂನೆ ಕನ್ನಡಕ್ಕೆ ತರುವ ಕೆಲಸ ನನ್ನದು.
ಹದಿನಾರು ಕಲಂ ಸಲೀಸು: ಅಂಡ, ಭ್ರೂಣ, ಶೈತ್ಯಾಗಾರದ ಬಾಡಿಗೆ,
ಬಾಕಿ ಉಳಿದದ್ದು ಯಾರದು, ದಂಪತಿ ಬೇರಾದರೆ ಯಾರ ಸಹಿ.
ಹದಿನೇಳರಲ್ಲಿ ಸಿಕ್ಕಿಬಿದ್ದೆ.

‘ಒಬ್ಬ ವ್ಯಕ್ತಿಯ ಜೀವಕೋಶದಿಂದ ಅದೇ ವ್ಯಕ್ತಿಯ’
ಅದೇ ವ್ಯಕ್ತಿಯ ಎಂತ?
ತದ್ರೂಪಿ ಅಂದರೆ ಚೌಕಿಯಿಂದ ಈಗಷ್ಟೇ ಎದ್ದುಬಂದ ಮಾಯಾವೇಷ.
ಪಡಿಯಚ್ಚು ಅಂದರೆ ಬಾಯಲ್ಲಿ ಬೆಲ್ಲ.
ಅಬೀಜ ಸಂತಾನ, ಇದಂತೂ
ಯಾರೋ ಯಾರ ಅಂಗಳದಲ್ಲೋ ಮಣ್ಣು ಎರಚಿ ಹಾಕಿದ ಶಾಪ.
‘ಸೃಷ್ಟಿಸುವುದನ್ನು ಕಾನೂನು ನಿಷೇಧಿಸಿದೆ’ ಎಂಬ ಬಾಲ ಮಾತ್ರ
ಟೈಪಾಗಿ ಕೂತು ತಲೆಗಾಗಿ ಕಾಯುತ್ತಿತ್ತು.

ಓದಿದರೆ ಸಾಮಾನ್ಯರಿಗೆ ತಿಳಿಯಬೇಕು, ಅದು ಷರತ್ತು.
ನನಗೆ ಸಾಮಾನ್ಯರು ಅಂದರೆ ವಾರಿಜಕ್ಕ,
ಶಂಕರಪುರದಿಂದ ಮಲ್ಲಿಗೆ ಹೊತ್ತು ಬಂದು
ಲಿಫ್ಟಿನ ಪಕ್ಕ ಕೂರುವವರು.
ಓದಿದೆ. ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದರು.

‘ಗೆಲ್ಲು ಕಡಿದು ನೆಟ್ಟ ಹಾಗಾ?’
ಹೌದು, ಸರಿಯಾಗಿ ಹಾಗೆಯೇ.
‘ಹಾಗಾದ್ರೆ ನನ್ನ ತೋಟ ಪೂರ್ತಿ ಅದೇ ಮಾರಾಯ್ರೆ.
ಅತ್ತೆ ತಂದ ಒಂದು ಗಿಡ, ಈಗ ನಲವತ್ತೊಂದು.
ಬಾವಿಕಟ್ಟೆಯ ಹತ್ತಿರದ್ದು ಬೇಗ ಮೊಗ್ಗು ಕೊಡ್ತದೆ,
ಬಚ್ಚಲಿನ ಹಿಂದಿನದ್ದಕ್ಕೆ ಸಿಟ್ಟು ಜಾಸ್ತಿ.
ಮನುಷ್ಯರದ್ದು ಮಾಡ್ಲಿಕ್ಕೆ ಇಲ್ವಾ?’
ಇಲ್ಲ. ಜೈಲು.
‘ಯಾರನ್ನು ಹಾಕುವುದು? ಹುಟ್ಟಿದ್ದನ್ನಾ, ಹುಟ್ಟಿಸಿದವರನ್ನಾ?’
ಆ ಪ್ರಶ್ನೆ ನಮೂನೆಯಲ್ಲಿ ಇರಲಿಲ್ಲ.

ಆಮೇಲೆ ನಾನು ಕೇಳಬಾರದ್ದು ಕೇಳಿದೆ.
ಕಾನೂನು ಬಿಟ್ಟಿದ್ದರೆ, ವಾರಿಜಕ್ಕ, ನೀವು
ನಿಮ್ಮ ನಿಶ್ಮಿತಾಳನ್ನು?

ನಾರು ನಿಂತಿತು. ಲಿಫ್ಟು ಬಂತು,
ಇಬ್ಬರು ಇಳಿದರು, ಕೈಯಲ್ಲಿ ಫೈಲು, ಕಣ್ಣು ನೆಲದಲ್ಲಿ.
ಆರನೇ ವರ್ಷಕ್ಕೆ ಮೆದುಳುಜ್ವರದಲ್ಲಿ ಹೋದ ಹುಡುಗಿ ಅದು.
ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ.

‘ಅವಳಿಗೆ ಈಗ ಇಪ್ಪತ್ತಮೂರು’ ಅಂದರು.
‘ಈ ಆಟಿಯಲ್ಲಿ ಮದುವೆ.
ಹುಡುಗ ಪಡುಬಿದ್ರಿಯವ, ಎರಡು ವರ್ಷದವ ಇರುವಾಗ ಕೆರೆಗೆ ಬಿದ್ದದ್ದು,
ಅವನಿಗೂ ಇಪ್ಪತ್ತೈದು ದಾಟಿತು.
ಬರಿ ಬೇರೆ ಬೇರೆ, ಅಡ್ಡಿ ಇಲ್ಲ. ಒಂದೇ ಬರಿ ಆದ್ರೆ
ಸತ್ತವರಿಗೂ ಕೂಡಿ ಬರುವುದಿಲ್ಲ, ಅದೂ ಕಾನೂನೇ ಅಲ್ವಾ.
ಈಗ ನೀವು ಒಂದು ಕೂಸು ತಂದು
ಅದೇ ಮೂಗು, ಅದೇ ಮಚ್ಚೆ, ತಗೊಳ್ಳಿ ಅಂದ್ರೆ
ಅದು ಯಾರು? ಅಕ್ಕನ ಮದುವೆಗೆ ಬಂದ ತಂಗಿಯಾ?
ಇಷ್ಟು ವರ್ಷ ಬೆಳೆದವಳನ್ನು ನಾನು
ಯಾವ ಬಾಯಲ್ಲಿ ತೊಟ್ಟಿಲಿಗೆ ಹೋಗು ಅನ್ನಲಿ?’

ನಾರು ಮತ್ತೆ ಓಡಿತು.
ಎಂಟು ನೂರು ಮೊಗ್ಗು, ಒಂದು ಚೆಂಡು. ಎಣಿಸದೆ ಕಟ್ಟುತ್ತಾರೆ.

ಸಂಜೆ ‘ಪಡಿಯಚ್ಚು’ ಎಂದೇ ಬರೆದು ಕಳಿಸಿದೆ.
ವೈದ್ಯರಿಗೆ ಹಿಡಿಸಲಿಲ್ಲ, ‘ತದ್ರೂಪಿ’ ಅಂತ ತಿದ್ದಿ ಅಚ್ಚು ಹಾಕಿಸಿದರು.
ಬಿಲ್ಲಿನಲ್ಲಿ ನಲವತ್ತು ಕಡಿತ.

ಆಟಿಯ ಅಮಾವಾಸ್ಯೆ, ರಾತ್ರಿ, ಕರೆಂಟಿಲ್ಲ. ನಾನೂ ಹೋಗಿದ್ದೆ.
ಎರಡು ಮಣೆ, ಎರಡು ಎಲೆ, ಎಲ್ಲರಂತೆ ಗಂಜಿ ಅಲ್ಲ, ಊಟವೇ.
ಹುಡುಗಿಯ ಮಣೆಯ ಮೇಲೆ ಸೀರೆ, ಹಸಿರು ರವಿಕೆ.
ದರ್ಜಿ ಅಳತೆ ಕೇಳಿದ್ದನಂತೆ.
ಪಕ್ಕದ ಮನೆಯಲ್ಲಿ ಅವಳ ಜೊತೆ ಒಂದನೇ ಕ್ಲಾಸಿಗೆ ಹೋಗುತ್ತಿದ್ದ
ಪ್ರಜ್ವಲಾಳನ್ನು ಕರೆದು ನಿಲ್ಲಿಸಿದ್ದರಂತೆ.

ದೀಪ ಸರಿಸುವಾಗ ಕೈ ತಾಗಿ ರವಿಕೆ ಮಗುಚಿತು.
ಹೊಲಿಗೆಯ ಒಳಗೆ ಎರಡೂ ಬದಿ
ಒಂದಿಂಚು ಬಟ್ಟೆ ಮಡಚಿ ಬಿಟ್ಟಿದ್ದರು,
ಮುಂದೆ ಬಿಚ್ಚಲಿಕ್ಕೆ.