ಕಂಚಿನ ಬಿಲ್ಲೆ

ನಿಕೋಸ್ತ್ರಾತ, ನಿನ್ನೆದೆಯ ಮೇಲೆ ಬಿಲ್ಲೆಯನ್ನೂ ಇಟ್ಟಿದ್ದೇನೆ.
ಅದೇ ಕಂಚಿನದು; ನಿನ್ನ ಹೆಸರಿನಡಿ
ಬಡಿದರೂ ಅಳಿಯದ ಇನ್ನಾರದೋ ಹೆಸರು.

ಅಥೆನ್ಸಿನ ಕುಂಬಾರಗೇರಿಯಿಂದ ನಸುಕಿಗೇ ಓಡುತ್ತಿದ್ದೆ ನೀನು,
ಉಗುರಲ್ಲಿನ್ನೂ ಜೇಡಿ,
ಚೀಟಿಗಲ್ಲಿನ ಸೀಳಿಗೆ ಅದನ್ನು ಸಿಕ್ಕಿಸಲು.
ಕರಿಗುಂಡು ಉರುಳಿದರೆ ಹೊತ್ತೇರುವ ಮೊದಲೇ ಮನೆ.
ಬಿಳಿಯದಾದರೆ ಸಂಜೆ
ಮೂರು ಕಾಸು, ಗತ್ತಿನ ಕೆಮ್ಮು:
‘ಇವತ್ತು ಊರೆಂದರೆ ನಾನೇ ಕಣೇ!’

ಕೈಯೆತ್ತಿಸಿದರೆ ಮಾತುಗಾರ ಗೆಲ್ಲುತ್ತಾನೆ,
ಗುಂಡಿಗೆ ಯಾರ ಮಾತೂ ಕೇಳಿಸದು, ಅನ್ನುತ್ತಿದ್ದೆ.
ನಿಜ. ನನ್ನದಂತೂ ಕೇಳಿಸಲೇ ಇಲ್ಲ.
ಅಷ್ಟೊಂದು ಸೀಳುಗಳಲ್ಲಿ
ನನಗೊಂದಿರಲಿಲ್ಲ.

ಮನೆಯಲ್ಲಿ, ಕೊನೆಯ ಅಂಜೂರ ಯಾರಿಗೆಂದು
ಮುಷ್ಟಿಯಲ್ಲಿ ಕಾಳು ಮುಚ್ಚಿ ಹಿಡಿಯುತ್ತಿದ್ದವಳು ನಾನು,
ದಾಸಿಯ ಮಗುವನ್ನೂ ಸೇರಿಸಿ.

ಒಂದು ಸಲ ಅದಕ್ಕೇ ಬಂತು.
‘ಮತ್ತೆ ಎತ್ತಿಸು’ ಅಂದವನು ನೀನು,
ನೆನಪಿದೆಯೇ?