ಕಾಲಂ ಒಂಬತ್ತು

ತರಬೇತಿ ಫಾರಂ ಬಂದೈತಿ.
ಕಾಲಂ ಒಂಬತ್ತು: ಕಲಾ ಶಿಕ್ಷಣದಲ್ಲಿ ನಿಮ್ಮ ಧ್ಯೇಯ.
ಬಿಟ್ಟ ಜಾಗ ಎರಡ ಗೆರಿ.
ಡ್ರಿಲ್ ಮಾಸ್ತರು 'ಸರ್ವಾಂಗೀಣ ವಿಕಾಸ' ಅಂತ ಬರದು
ಚಾ ಕುಡ್ಯಾಕ ಹೋದರು.
ಹೋದ ವರ್ಷ ನಾನೂ ಅದನ್ನ ಬರದಿದ್ದೆ.
ಈ ಸಲ ಹಾಳಿ ಹೊಳ್ಳಿಸಿ
ಹಿಂದಿನ ಮಗ್ಗಲಿಗೆ ಬರೀಲಿಕ್ಕತ್ತೀನಿ,
ಓದಾವರು ಓದಲಿ.

ಮೊದಲಿಗೆ ತಪ್ಪೊಪ್ಪಿಗಿ.
ಹನ್ನೊಂದು ವರ್ಷ ನಾ ಬೋರ್ಡಿನ ಮ್ಯಾಲ
ಎರಡು ಗುಡ್ಡ ಬರದು ನಡುವ ಸೂರ್ಯನ್ನ ಇಟ್ಟೆ,
ಕೆಳಗೊಂದು ಹೊಳಿ, ದಂಡಿಗೆ ತೆಂಗು.
ಐವತ್ತೆರಡು ಹುಡುಗೂರು, ಐವತ್ತೆರಡು ಹೊಳಿ,
ವಾರಕ್ಕೊಮ್ಮೆ ನಳ ಬರೋ ಬೆಟಗೇರಿಯೊಳಗ!
ಮೋಡ ಇಲ್ಲದ ದಿನ ಮಾಳಗಿ ಏರಿದ್ರ
ಕಪ್ಪತಗುಡ್ಡ ದೂರಕ್ಕ ಕಾಣತಿತ್ತು,
ಮಲಗಿದೆಮ್ಮಿ ಬೆನ್ನಿನಂಗ ಒಂದ ಗೆರಿ,
ಬೆನ್ನ ಮ್ಯಾಲ ಗಾಳಿಪಂಕಾ.
ಯಾರೂ ಅದನ್ನ ಬರೀಲಿಲ್ಲ.
ನೋಡ್ರೆಂತ ನಾ ಹೇಳಿರಲಿಲ್ಲ.

ಒಮ್ಮೆ ಪರೀಕ್ಷಾಕ್ಕ 'ನೇಕಾರ' ಅಂತ ಕೊಟ್ಟೆ.
ಎಲ್ಲಾರೂ ಮಗ್ಗ ಬರದ್ರು, ಮಗ್ಗದ ಹಿಂದ ಮೀಸಿ ಮನಷ್ಯಾ.
ವಿಠ್ಠಲಸಾ ಕಬಾಡಿ ಬರದದ್ದು ಎರಡ ಪಾದ.
ಕುಣಿಯೊಳಗ, ಕತ್ತಲದಾಗ, ಹಲಗಿ ತುಳಿಯೂವಂಥಾವು,
ಹೆಬ್ಬಟ್ಟಿಗೆ ಸುತ್ತಿದ ಅರಿವಿ ಸಹಿತ.
'ನೇಕಾರ ಎಲ್ಲಿದ್ದಾನಲೇ?' ಅಂದೆ.
ಹತ್ತಕ್ಕ ನಾಕು ಕೊಟ್ಟೆ.
ಅವಾ ಏನೂ ಅನಲಿಲ್ಲ.

ಮುಂದ ಯಾವದೋ ಸಹಿಗಂತ ಅವರ ಮನಿಗೆ ಹೋದೆ.
ಬಾಗಲದಾಗ ನಿಂತ್ರ ಅಪ್ಪನ ಮಾರಿ ಕಾಣಸ್ತೈತಿ.
ಹುಡುಗ ಕೂಡೂದು ಕೆಳಗ, ಕುಣಿ ಮಗ್ಗಲಕ, ಕಂಡಿಕಿ ಸುತ್ತಕೋಂತ.
'ಏಳಪಾ ಸ್ವಲ್ಪ' ಅಂತ ಅಲ್ಲೆ ಕುಂತು ನೋಡಿದೆ.
ಪಾದ ಕಾಣತಾವು.
ಪಾದ ಅಷ್ಟ.

ಆ ನಾಕು ಮಾರ್ಕು
ನನ್ನ ಹೆಸರಿನ ಮುಂದ ಬರಕೊಂಡೀನಿ.

ಮಾಬುಬಿ ನದಾಫಂದು ಬ್ಯಾರೆ ಕತಿ.
ಅರಳಿ ಬಡಿಯೋ ಅಂಗಡಿ ಬರೀತೀನಂದಳು.
ಬಿಳಿ ಹಾಳಿ ಮ್ಯಾಲ ಬಿಳಿ ಅರಳಿ ಹೆಂಗ ಬರೀತಾಳ?
ನನಗೂ ಗೊತ್ತಿರಲಿಲ್ಲ, ಸುಮ್ಮನ ನಿಂತೆ.
ಅಕಿ ಗ್ವಾಡಿ ಮಸಿ ತಿಕ್ಕಿದಳು, ಬಾಗಲ ಸಂದಿ ತಿಕ್ಕಿದಳು,
ಅಜ್ಜನ ಬಗ್ಗಿದ ಬೆನ್ನು ತಿಕ್ಕಿದಳು.
ನಡುವ ಏನೂ ಮುಟ್ಟಲಿಲ್ಲ.
ಅಲ್ಲಿ ರಾಶಿ ರಾಶಿ ಅರಳಿ!
'ನಾ ಅರಳಿ ಬರೀಲಿಲ್ರೀ ಸರ್,
ಅದರ ಸುತ್ತಲಿನ ಕತ್ತಲಿ ಬರದೀನಿ.'

ಅವತ್ತಿನಿಂದ ನಾ ಕಡಿಮಿ ಮಾತಾಡತೀನಿ.

ಈಗ ನನ್ನ ಕ್ಲಾಸಿನ ಬಾಗಲಕ ಒಂದು ಬಿಸ್ಕೀಟ್ ಡಬ್ಬಿ.
ಒಳಗ ಬರೂಮುಂದ ರಬ್ಬರು ಅದರಾಗ ಹಾಕಬೇಕು.
ತಪ್ಪಿದ ಗೆರಿ ಅಲ್ಲೇ ಇರಲಿ.
ಊರಿಗೆ ಬಂದಾವ ದಾರಿ ಅಳಸಕೋಂತ ಬರತಾನೇನು?
ಹೆಡ್‌ಮಾಸ್ತರು 'ಹಾಳಿ ಹೊಲಸು' ಅಂತಾರ.
ಹೌದ್ರಿ, ಹೊಲಸು.

ಗಣಿತದ ಮೇಡಂ ಪರೀಕ್ಷಾ ಬಂತಂದ್ರ ನನ್ನ ಪೀರಿಯಡ್ ಕೇಳತಾರ.
ಕೊಡತೀನಿ.
ಕೊಟ್ಟ ದಿನ ಹುಡುಗೂರು ನೋಟ್‌ಬುಕ್ಕಿನ ಅಂಚಿಗೆ
ಮೇಡಮ್ಮಾರ ಜಡಿ ಬರದಿರತಾರ.
ಅದರ ತಿರುವು, ಅದರ ತೂಕ,
ನಾ ಕಲಿಸಿದ್ದಕ್ಕಿಂತ ಚಂದ ಬಂದಿರತೈತಿ.
ಇದನ್ನ ಯಾವ ಕಾಲಂದಾಗ ಬರೀಲಿ?

ಮೊನ್ನೆ ಮುಂದಿನ ಬೆಂಚಿನ ಸಣ್ಣಾಕಿ ಓಡಿ ಬಂದು
'ನನ್ನ ರಬ್ಬರ ಕೊಡ್ರಿ' ಅಂದಳು.
ನಿಯಮ ಅಂದ್ರ ನಿಯಮ, ಅಂದೆ.
'ಅಳಸಾಕಲ್ರೀ ಸರ್,
ಮಾವಿನಹಣ್ಣು ಬರ್ಯಾಕತ್ತೀನಿ.
ಅದರದು ವಾಸನಿ ಐತಿ.'
ಡಬ್ಬೀನ ಕೊಟ್ಟೆ.

ಹಾಳಿ ಮುಗೀತು.
ಕಾಲಂ ಹತ್ತು: ಸಾಮಗ್ರಿಗಳ ಕೊರತೆ ಇದೆಯೇ?
ಬಿಳಿ ಬಣ್ಣ ಮುಗದು ಮೂರು ತಿಂಗಳಾತು.
ನದಾಫರ ಹುಡುಗಿಗೆ ಬೇಕಾಗಿಲ್ಲ,
ಉಳದಾವರಿಗೆ ಬೇಕು,
ನನಗೂ.